ಸುಬೇದಾರ ರಾಮಜಿಯವರ ಮಗ

ಡಾಕ್ಟರ ಭೀಮರಾವ ಅಂಬೇಡಕರರ ಹೆಸರನ್ನು ಕೇಳದವರು ನಮ್ಮ ದೇಶದಲ್ಲಿ ಇಲ್ಲವೆಂದೇ ಹೇಳಬೇಕು. ಅವರು ರಾಜ್ಯಾಂಗದ ಕರಡು ಸಮಿತಿಯ ಅಧ್ಯಕ್ಷರಾಗಿದ್ದುದು, ಪರದೇಶಗಳ ವಿದ್ಯಾಪೀಠಗಳಲ್ಲಿ ಉಚ್ಚ ಪದವಿಗಳನ್ನು ಸಂಪಾದಿಸಿದುದು, ಕೋಟ್ಯಂತರ ದಲಿತ ಬಾಂಧವರಿಗೆ ನಾಯಕರಾದುದು, ಇವೆಲ್ಲ ಸರ್ವವಿದಿತ ಸಂಗತಿಗಳು. ಆದರೆ ಆ ಮಹನೀಯರು ದಂಡಿನ ಕುಟುಂಬದಲ್ಲಿ ಹುಟ್ಟಿ ದಂಡಿನವರ ಶಿಸ್ತಿನಲ್ಲಿ ಬೆಳೆದವರೆಂಬುದನ್ನು ಚರಿತ್ರಕಾರರು ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಆ ಒಂದು ವಾಕ್ಯದಲ್ಲಿ ಅಡಗಿರುವ ಚರಿತ್ರೆ ಸಣ್ಣದಲ್ಲ. ಪಲ್ಟನ್ನು ಒಂದು ತುಳಿಯಲ್ಪಟ್ಟ ಜಾತಿಗೆ ಅಕ್ಷರದ ಬಾಗಿಲನ್ನು ಹೇಗೆ ತೆರೆಯಿತು, ಸರಕಾರದ ಒಂದು ಹುಕುಮು ಆ ಬಾಗಿಲನ್ನು ಹೇಗೆ ಮುಚ್ಚಿತು, ಮುಚ್ಚಿದ ಬಾಗಿಲಿನ ಎದುರಿಗೆ ಒಬ್ಬ ಮುದಿ ಸುಬೇದಾರನು ತನ್ನ ಮಗನನ್ನು ಹೇಗೆ ಬೆಳೆಸಿದನು ಎಂಬುದನ್ನು ವಿಚಾರಿಸಿ ನೋಡಿದರೆ, ಆ ಮಗನ ಮುಂದಿನ ಜೀವಿತಕಾರ್ಯದ ಮರ್ಮವೂ ತಾನಾಗಿ ತಿಳಿಯುವುದು.

ಅಂಬೇಡಕರರ ಮೂಲಸ್ಥಾನವು ರತ್ನಾಗಿರಿ ಜಿಲ್ಲೆಯ ಮಂಡಣಗಡ ತಾಲೂಕಿನ ಅಂಬಾವಡೆಯೆಂಬ ಚಿಕ್ಕ ಹಳ್ಳಿ. ಅವರು ಹುಟ್ಟಿದ ಮಹಾರ ಜಾತಿಯವರಿಗೆ ಹಳ್ಳಿಗಳಲ್ಲಿ ಪರಂಪರೆಯಿಂದ ಬಂದಿದ್ದ ಕೆಲಸಗಳು ಊರಿನ ಗಡಿಯನ್ನು ಕಾಯುವುದು, ಸರಕಾರದ ಓಲೆಯನ್ನು ಹೊತ್ತು ನಡೆಯುವುದು, ಸತ್ತ ದನಗಳನ್ನು ಸಾಗಿಸುವುದು ಮೊದಲಾದವು. ಊರಿನ ಕಾವಲು ಅವರದು. ಊರಿನ ಬಾವಿ ಮಾತ್ರ ಅವರದಲ್ಲ. ಇಂತಹ ಸ್ಥಿತಿಯಲ್ಲಿದ್ದ ಜನರನ್ನು ಇಂಗ್ಲಿಷ ಕಂಪನಿಯ ಮುಂಬಯಿ ದಂಡು ದೊಡ್ಡ ಸಂಖ್ಯೆಯಲ್ಲಿ ಸಿಪಾಯಿಗಳಾಗಿ ಸೇರಿಸಿಕೊಂಡಿತು. 1818ರ ಜನವರಿ 1ರಂದು ಪುಣೆಯ ಸಮೀಪದ ಭೀಮಾ ತೀರದ ಕೋರೇಗಾವಿಯಲ್ಲಿ ಪೇಶವೆಯವರ ಸೈನ್ಯದೊಡನೆ ನಡೆದ ಕಾಳಗದಲ್ಲಿ ಮಡಿದವರಿಗಾಗಿ ನಿಲ್ಲಿಸಿದ ಸ್ತಂಭದ ಮೇಲೆ, ಮಹಾರರ ಗುರುತಾದ ‘ನಾಕ’ ಎಂಬ ಪದದಿಂದ ಕೊನೆಗೊಳ್ಳುವ ಹೆಸರುಗಳು ಅನೇಕವಾಗಿ ಕೆತ್ತಲ್ಪಟ್ಟಿವೆ. ಊರೊಳಗೆ ಯಾರ ಹೆಸರನ್ನೂ ಯಾರೂ ಬರೆದಿಡದಿದ್ದ ಜನರ ಹೆಸರುಗಳು ಮೊದಲ ಸಾರಿ ಕಲ್ಲಿನ ಮೇಲೆ ಮೂಡಿದುದು ಹೀಗೆ, ಸಾವಿನ ಮೂಲಕ.

ದಂಡು ಅವರಿಗೆ ಕೊಟ್ಟದ್ದು ಸಂಬಳ ಮತ್ತು ಸಮವಸ್ತ್ರಗಳಷ್ಟೇ ಆಗಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ. ಕಂಪನಿಯ ದಂಡಿನಲ್ಲಿ ದೇಶೀ ಸಿಪಾಯಿಗಳಿಗೂ ಅವರ ಮಕ್ಕಳಿಗೂ ವಿದ್ಯಾಭ್ಯಾಸವು ಕಡ್ಡಾಯವಾಗಿದ್ದಿತು. ಗಂಡು ಹೆಣ್ಣು ಮಕ್ಕಳಿಗೆ ಹಗಲು ಶಾಲೆಗಳು, ಬೆಳೆದ ಸಿಪಾಯಿಗಳಿಗೆ ರಾತ್ರಿಯ ಶಾಲೆಗಳು ನಡೆಯುತ್ತಿದ್ದವು. ಅಸ್ಪೃಶ್ಯನ ಮಗುವಿಗೆ ಊರಿನ ಶಾಲೆಯ ಜಗುಲಿಯೂ ದುರ್ಲಭವಾಗಿದ್ದ ಕಾಲದಲ್ಲಿ, ದಂಡಿನ ಬೀಡಿನೊಳಗೆ ಅವನ ಮಗಳು ಕೂಡ ಓದು ಬರಹಗಳನ್ನು ಕಲಿಯುತ್ತಿದ್ದಳು. ಅಂಬೇಡಕರರ ಅಜ್ಜ ಮಾಲೋಜಿಯವರು ದಂಡಿನಲ್ಲಿ ಸೇವೆ ಮಾಡಿದವರು. ತಂದೆ ರಾಮಜಿ ಸಕಪಾಳರು ಸಿಪಾಯಿಯಾಗಿ ಸೇರಿ ಸುಬೇದಾರರ ಪದವಿಗೇರಿದವರು. ಪುಣೆಯಲ್ಲಿ ದಂಡಿನ ಶಿಕ್ಷಕರಿಗಾಗಿ ಇದ್ದ ಶಾಲೆಯಲ್ಲಿ ತರಬೇತು ಹೊಂದಿ, ಹದಿನಾಲ್ಕು ವರ್ಷಗಳ ಕಾಲ ದಂಡಿನ ಶಾಲೆಯ ಮುಖ್ಯಾಧ್ಯಾಪಕರಾಗಿ ಕೆಲಸ ಮಾಡಿದವರು. ತಾಯಿ ಭೀಮಾಬಾಯಿಯವರ ತವರುಮನೆ ಠಾಣಾ ಜಿಲ್ಲೆಯ ಮುರಬಾಡ. ಆಕೆಯ ತಂದೆಯೂ ಆತನ ಸೋದರರೂ ದಂಡಿನಲ್ಲಿ ಸುಬೇದಾರ ಮೇಜರರಾಗಿದ್ದವರು. ಎರಡೂ ಕಡೆಯಿಂದ ಇದು ಸೈನಿಕ ಕುಲ. ಮತ್ತು ಅದೇ ಕಾರಣದಿಂದ, ತಲೆಮಾರುಗಳಿಂದ ಅಕ್ಷರ ಬಲ್ಲ ಕುಲ.

ಇಂದೂರಿನ ಸಮೀಪದ ಮಹೂ ದಂಡಿನ ಬೀಡಿನಲ್ಲಿ ರಾಮಜಿಯವರು ಕೆಲಸದಲ್ಲಿದ್ದಾಗ, 1891ರ ಏಪ್ರಿಲ 14ರಂದು ಅವರ ಹದಿನಾಲ್ಕನೆಯ ಮತ್ತು ಕೊನೆಯ ಮಗು ಜನಿಸಿತು. ಅದಕ್ಕೆ ಭೀಮನೆಂದು ಹೆಸರಿಟ್ಟರು. ಹದಿನಾಲ್ಕು ಮಕ್ಕಳಲ್ಲಿ ಬದುಕಿ ಬೆಳೆದವರು ಬಲರಾಮ, ಆನಂದರಾವ, ಭೀಮರಾವರೆಂಬ ಮೂವರು ಗಂಡುಮಕ್ಕಳು ಮತ್ತು ಇಬ್ಬರು ಹೆಣ್ಣುಮಕ್ಕಳು ಮಾತ್ರ. ಮಗು ಮಾತು ಕಲಿಯುವ ಹೊತ್ತಿಗೆ ತಂದೆಯು ಸೇವೆಯಿಂದ ನಿವೃತ್ತರಾದರು. ಆದುದರಿಂದ ಕಹಳೆಯ ಧ್ವನಿ, ಕವಾಯತು, ಸಾಲುಮನೆಗಳು ಇವು ಯಾವುವೂ ಭೀಮನ ನೆನಪಿನಲ್ಲಿ ನಿಲ್ಲುವಂತಿರಲಿಲ್ಲ. ದಂಡು ಆ ಮಗುವಿಗೆ ಉಳಿಸಿದ ಆಸ್ತಿಯೆಂದರೆ ತಂದೆಯೊಬ್ಬನೇ. ಆ ಆಸ್ತಿ ಎಷ್ಟು ದೊಡ್ಡದೆಂಬುದು ಮುಂದೆ ಕಂಡುಬಂದಿತು.

ಭೀಮನು ತೊಟ್ಟಿಲಲ್ಲಿ ಇದ್ದ ಆ ದಿನಗಳಲ್ಲಿಯೇ ಅವನ ಜನರ ಮೇಲೆ ಒಂದು ಆಘಾತವು ಬಂದೆರಗಿತು. 1885ರಿಂದ 1893ರ ವರೆಗೆ ಹಿಂದುಸ್ಥಾನದ ಸರಸೇನಾಪತಿಯಾಗಿದ್ದ ಲಾರ್ಡ ರಾಬರ್ಟ್ಸನು, ಈ ದೇಶದಲ್ಲಿ ಕೆಲವು ಜಾತಿಗಳು ಮಾತ್ರ ಹುಟ್ಟಿನಿಂದ ವೀರಜಾತಿಗಳು, ಉಳಿದವು ಯುದ್ಧಕ್ಕೆ ಅಯೋಗ್ಯವಾದವುಗಳೆಂಬ ತತ್ವವನ್ನು ಹಿಡಿದಿದ್ದನು. ಪಂಜಾಬ ಮತ್ತು ನೇಪಾಳಗಳ ಕಡೆಯ ಜನರಿಗೆ ಮನ್ನಣೆ ಹೆಚ್ಚಿತು. ದಕ್ಷಿಣದ ಪಲ್ಟನ್ನುಗಳು ಕ್ಷೀಣಿಸಿದವು. 1892ರ ಸುಮಾರಿಗೆ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದೇ ನಿಂತುಹೋಯಿತು. ಕೋರೇಗಾವಿಯ ಸ್ತಂಭವು ಅಲ್ಲಿಯೇ ನಿಂತಿತ್ತು. ಅದರ ಮೇಲಿನ ಹೆಸರುಗಳೂ ಮಾಸಿರಲಿಲ್ಲ. ಆದರೆ ಆ ಹೆಸರುಗಳ ಮೊಮ್ಮಕ್ಕಳು ಅಯೋಗ್ಯರೆಂದು ಕಾಗದದ ಮೇಲೆ ತೀರ್ಮಾನವಾಯಿತು. ವಿಚಾರಿಸಿ ನೋಡಿದರೆ, ಹುಟ್ಟಿನಿಂದ ಯೋಗ್ಯತೆಯನ್ನು ಅಳೆಯುವ ನಮ್ಮ ಪುರಾತನ ಪದ್ಧತಿಯನ್ನೇ ಪರಕೀಯ ಸೇನಾಧಿಪತಿಯು ಶಾಸ್ತ್ರೀಯವೆಂಬ ಹೊಸ ಹೆಸರಿನಿಂದ ಸ್ವೀಕರಿಸಿದನು.

ಈ ಅನ್ಯಾಯವನ್ನು ಮಹಾರರು ಮೌನವಾಗಿ ಸಹಿಸಲಿಲ್ಲ. ನಿವೃತ್ತ ಸೈನಿಕರು ಹೆಚ್ಚಾಗಿ ನೆಲೆಸಿದ್ದ ಕೊಂಕಣದ ದಾಪೋಲಿಯಲ್ಲಿ ಗೋಪಾಳ ಬಾಬಾ ವಲಂಗಕರರೆಂಬ ಹಳೆಯ ಸೈನಿಕರು ಜನರನ್ನು ಜಾಗೃತಗೊಳಿಸಿ, ಸೈನ್ಯದ ಬಾಗಿಲನ್ನು ಪುನಃ ತೆರೆಯಬೇಕೆಂದು ಸರಕಾರಕ್ಕೆ ಅರ್ಜಿಯನ್ನು ಸಿದ್ಧಪಡಿಸಿದರು. ರಾಮಜಿಯವರೂ ಸುಮ್ಮನೆ ಕುಳಿತವರಲ್ಲ. ಮುಂಬಯಿ ಸರಕಾರಕ್ಕೆ ಕಳಿಸಬೇಕಾದ ಮನವಿಯನ್ನು ಬರೆಯಿಸುವ ಸಲುವಾಗಿ ಅವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಸಹಾಯವನ್ನು ಬೇಡಿದರು. ಈ ಪ್ರಯತ್ನಗಳಿಂದ ಆಗ ಫಲವೇನೂ ದೊರೆಯಲಿಲ್ಲ. ನೌಕರಿ ಹೋದರೆ ಒಂದು ಮನೆಯ ಅನ್ನ ಹೋಗುವುದು; ಆದರೆ ಇಲ್ಲಿ ಸಿಪಾಯಿಗಿರಿಯ ಜೊತೆಗೆ ದಂಡಿನ ಶಾಲೆಯೂ ಹೋಯಿತು. ಒಂದು ಸಂಪೂರ್ಣ ಜಾತಿಯ ಮುಂದಿನ ಪೀಳಿಗೆಗೆ ಅಕ್ಷರವು ದೊರೆಯುವ ಮಾರ್ಗವೇ ಕಡಿದುಹೋಯಿತು.

ನಿವೃತ್ತಿಯ ಅನಂತರ ರಾಮಜಿಯವರು ಸಂಸಾರಸಮೇತರಾಗಿ ಕೆಲವು ಕಾಲ ದಾಪೋಲಿಯಲ್ಲಿದ್ದು, ಬಳಿಕ ಸಾತಾರೆಯಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಒಂದು ಚಿಕ್ಕ ನೌಕರಿಯನ್ನು ಸಂಪಾದಿಸಿದರು. ಸಾತಾರೆಗೆ ಬಂದ ಸ್ವಲ್ಪ ಕಾಲದಲ್ಲಿಯೇ ಭೀಮಾಬಾಯಿಯವರು ತೀರಿಕೊಂಡರು. ಆಗ ಭೀಮನಿಗೆ ಐದಾರು ವರ್ಷ. ತಂದೆಯ ಅಕ್ಕನಾದ ಮೀರಾಬಾಯಿಯೆಂಬ ಗೂನುಬೆನ್ನಿನ ವೃದ್ಧೆಯು ತಾಯಿಲ್ಲದ ಮಕ್ಕಳನ್ನು ಸಲಹಿದಳು. ಎಲ್ಲರಿಗಿಂತ ಕಿರಿಯವನಾದ ಭೀಮನ ಮೇಲೆ ಆಕೆಗೆ ಅತಿಶಯ ಮಮತೆ.

ಆ ಮನೆಯ ದಿನಚರಿಯು ದಂಡಿನ ದಿನಚರಿಯನ್ನೇ ಹೋಲುತ್ತಿದ್ದಿತು. ರಾಮಜಿಯವರು ಕಬೀರಪಂಥದವರು, ಮದ್ಯ ಮಾಂಸಗಳನ್ನು ಮುಟ್ಟದವರು. ಸಂಜೆಯಾಗುತ್ತಲೇ ಮಕ್ಕಳೆಲ್ಲರೂ ಪ್ರಾರ್ಥನೆಗೆ ಹಾಜರಿರಲೇಬೇಕು. ಆ ಹಾಜರಿಯಲ್ಲಿ ರಿಯಾಯತಿ ಇರಲಿಲ್ಲ. ಭಜನೆಗಳಾದ ಮೇಲೆ ರಾಮಾಯಣ ಮಹಾಭಾರತಗಳ ಪಾರಾಯಣ. ಸಂತರ ಪದಗಳ ಪಠಣ. ಮುಂಜಾನೆ ಗಣಿತ ಮತ್ತು ಭಾಷಾಂತರಗಳ ಪಾಠ. ಮುಖ್ಯಾಧ್ಯಾಪಕರಾಗಿ ಪಲ್ಟನ್ನಿನ ಮಕ್ಕಳಿಗೆ ಕಲಿಸಿದುದನ್ನೆಲ್ಲ ಈಗ ಸುಬೇದಾರರು ಸ್ವಂತ ಮಕ್ಕಳಿಗೆ ಕಲಿಸಿದರು. ಶಬ್ದಕ್ಕೆ ಸರಿಯಾದ ಶಬ್ದವನ್ನು ಹುಡುಕುವ ಅಭ್ಯಾಸವನ್ನೂ ಇಂಗ್ಲಿಷ ಭಾಷೆಯ ಮೇಲಿನ ಹಿಡಿತವನ್ನೂ ತಂದೆಯೇ ಮಗನಿಗೆ ಹಾಕಿಕೊಟ್ಟನು. ಸರಕಾರವು ಮುಚ್ಚಿದ ದಂಡಿನ ಶಾಲೆಯು ಈ ರೀತಿಯಾಗಿ ಒಂದು ಮನೆಯೊಳಗೆ ಮಾತ್ರ ನಡೆಯುತ್ತ ಉಳಿಯಿತು. ಅದಕ್ಕೆ ಒಬ್ಬನೇ ಮಾಸ್ತರ, ಬೆರಳೆಣಿಕೆಯ ವಿದ್ಯಾರ್ಥಿಗಳು.

ಮನೆಯೊಳಗೆ ಸುಬೇದಾರರ ಮಗ. ಮನೆಯ ಹೊರಗೆ ಕಾಲಿಟ್ಟೊಡನೆ ಅಸ್ಪೃಶ್ಯ. 1900ರ ನವಂಬರ 7ರಂದು ಭೀಮನು ಸಾತಾರೆಯ ಸರಕಾರಿ ಪ್ರೌಢಶಾಲೆಯನ್ನು ಸೇರಿದನು. ಅಲ್ಲಿ ಅವನು ತನ್ನ ಮನೆಯಿಂದ ಒಯ್ದ ಗೋಣಿತಟ್ಟಿನ ಮೇಲೆ, ಇತರ ಹುಡುಗರಿಂದ ದೂರ, ಒಂದು ಮೂಲೆಯಲ್ಲಿ ಕುಳಿತುಕೊಳ್ಳಬೇಕಾಗಿತ್ತು. ನೀರಡಿಕೆಯಾದರೆ ನಲ್ಲಿಯನ್ನು ತಾನೇ ತಿರುಗಿಸುವಂತಿರಲಿಲ್ಲ. ಶಾಲೆಯ ಜವಾನನು ಬಂದು ತಿರುಗಿಸಿದರೆ ನೀರುಂಟು. ಜವಾನನಿಲ್ಲದ ದಿನ ನೀರಿಲ್ಲ. ಸಾತಾರೆಯಲ್ಲಿ ಕ್ಷೌರಿಕರಿಗೇನೂ ಕೊರತೆ ಇರಲಿಲ್ಲ. ಕೂಲಿ ಕೊಡಲು ಮನೆಯಲ್ಲಿ ಹಣದ ಕೊರತೆಯೂ ಇರಲಿಲ್ಲ. ಆದರೂ ಹುಡುಗರ ಕೂದಲನ್ನು ಅಕ್ಕನೇ ಕತ್ತರಿಸಬೇಕಾಗಿತ್ತು. ಇಂತಹ ಶಾಲೆಯಲ್ಲಿಯೂ ಒಬ್ಬ ಬ್ರಾಹ್ಮಣ ಶಿಕ್ಷಕರು ಈ ಹುಡುಗನ ಮೇಲೆ ಪ್ರೀತಿಯಿಟ್ಟು ತಮ್ಮ ಊಟದಲ್ಲಿ ಪಾಲು ಕೊಡುತ್ತಿದ್ದರೆಂಬುದೂ, ಅಂಬಾವಡೇಕರನೆಂಬ ಉಪನಾಮಕ್ಕೆ ಬದಲಾಗಿ ಅಂಬೇಡಕರನೆಂಬ ತಮ್ಮ ಉಪನಾಮವನ್ನೇ ದಾಖಲೆಯಲ್ಲಿ ಬರೆದರೆಂಬುದೂ ಪ್ರಸಿದ್ಧವಾದ ಕಥೆ.

ದಂಡಿನ ಮನೆಯ ಗೌರವಕ್ಕೂ ದಾರಿಯ ಮೇಲಿನ ಅಪಮಾನಕ್ಕೂ ಇದ್ದ ಅಂತರವು ಆ ಬಾಲಕನಿಗೆ ಪೂರ್ಣವಾಗಿ ತಿಳಿದುದು 1901ರ ಬೇಸಗೆಯಲ್ಲಿ. ಆಗ ರಾಮಜಿಯವರು ಸಾತಾರಾ ಜಿಲ್ಲೆಯ ಖಟಾವ ತಾಲೂಕಿನ ಗೋರೇಗಾವಿಯಲ್ಲಿ, ಬರಗಾಲದಿಂದ ಹಸಿದ ಜನರಿಗೆ ಕೆಲಸ ಕೊಡುವ ಸಲುವಾಗಿ ಸರಕಾರವು ತೋಡಿಸುತ್ತಿದ್ದ ಕೆರೆಯ ಕಾಮಗಾರಿಯಲ್ಲಿ ಖಜಾಂಚಿಯಾಗಿದ್ದರು. ರಜೆಯಲ್ಲಿ ತಮ್ಮ ಬಳಿಗೆ ಬರಬೇಕೆಂದು ಮಕ್ಕಳಿಗೆ ಬರೆದರು. ಭೀಮ, ಅವನ ಅಣ್ಣ, ಮತ್ತು ತೀರಿಹೋಗಿದ್ದ ಅಕ್ಕನ ಇಬ್ಬರು ಮಕ್ಕಳು ಪ್ರಯಾಣಕ್ಕೆ ಸಿದ್ಧರಾದರು. ಹೊಸ ಅಂಗಿಗಳು, ಜರತಾರಿ ಟೋಪಿಗಳು, ಹೊಸ ಪಾದರಕ್ಷೆಗಳು, ರೇಶಿಮೆ ಅಂಚಿನ ಧೋತರಗಳು ತಯಾರಾದವು. ರೇಲ್ವೆಯಲ್ಲಿ ಕುಳಿತುಕೊಳ್ಳುವ ಸಂಭ್ರಮ ಬೇರೆ. ಸಂಜೆಯ ಹೊತ್ತಿಗೆ ಮಸೂರ ಸ್ಟೇಶನ್ನಿನಲ್ಲಿ ಇಳಿದರು. ಕಾಗದವು ತಂದೆಯ ಕೈಗೆ ತಲುಪದಿದ್ದ ಕಾರಣ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಉಡುಪನ್ನು ನೋಡಿ ಬ್ರಾಹ್ಮಣರ ಮಕ್ಕಳೆಂದು ತಿಳಿದ ಸ್ಟೇಶನ್ ಮಾಸ್ತರನು ಮರುಕದಿಂದ ವಿಚಾರಿಸಿದನು. ತಾವು ಮಹಾರರೆಂದು ಮಕ್ಕಳು ಮರೆಮಾಚದೆ ಹೇಳಿದರು. ಆತನ ಮುಖವು ತತ್ಕ್ಷಣ ಬದಲಾಯಿತು. ಆತನು ಹಿಂದೆ ಸರಿದು ತನ್ನ ಕೊಠಡಿಗೆ ಹೋದನು.

ಬಾಡಿಗೆಯ ಚಕ್ಕಡಿಗಳು ಅಲ್ಲಿ ಬೇಕಾದಷ್ಟಿದ್ದವು. ಆದರೆ ಮಹಾರರ ಮಕ್ಕಳೆಂಬ ಸುದ್ದಿ ಹಬ್ಬಿದ ಮೇಲೆ ಯಾವ ಚಕ್ಕಡಿಯವನೂ ಒಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆಯ ಆಶೆಗೆ ಒಬ್ಬನು ಒಪ್ಪಿದನು. ಚಕ್ಕಡಿಯನ್ನು ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆನೆಂಬ ಕರಾರಿನ ಮೇಲೆ. ಬುತ್ತಿಯಲ್ಲಿ ಅನ್ನವಿತ್ತು, ಕುಡಿಯಲು ನೀರು ದಾರಿಯಲ್ಲಿ ಎಲ್ಲಿಯೂ ದೊರೆಯಲಿಲ್ಲ. ನೀರಿಲ್ಲದೆ ತುತ್ತು ಗಂಟಲಿನಲ್ಲಿ ಇಳಿಯಲಿಲ್ಲ. ರಾತ್ರಿ ಸುಂಕದ ಕಟ್ಟೆಯ ಬಳಿ, ಮುಸಲ್ಮಾನರೆಂದು ಹೇಳಿಕೊಂಡರೆ ನೀರು ಸಿಕ್ಕೀತೆಂಬ ಚಕ್ಕಡಿಯವನ ಸಲಹೆಯಂತೆ ಭೀಮನು ಹಾಗೆ ಹೇಳಿ ಬೇಡಿದರೂ ಸುಂಕದವನು ನೀರು ಕೊಡಲಿಲ್ಲ. ಮರುದಿನ ಹಗಲೇರಿದ ಮೇಲೆ, ಹಸಿದು ಬಾಯಾರಿ ಬಳಲಿದ ಮಕ್ಕಳು ತಂದೆಯನ್ನು ಕಂಡರು. ಭೀಮನಿಗೆ ಆಗ ಹತ್ತು ವರ್ಷ ತುಂಬಿದ್ದಿತೋ ಇಲ್ಲವೋ ಎನ್ನುವಷ್ಟೇ ವಯಸ್ಸು. ತಂದೆಯು ಸರಕಾರದ ಹಣವನ್ನು ನಂಬಿಕೆಯಿಂದ ಎಣಿಸಿ ಕೊಡುವ ಅಧಿಕಾರಿ. ಸುಬೇದಾರನೆಂದು ಸಲಾಮು ಪಡೆದವನು. ಅವನ ಮಕ್ಕಳಿಗೆ ಸರಕಾರದ ದಾರಿಯ ಮೇಲೆ ಒಂದು ಲೋಟ ನೀರಿಲ್ಲ. ಪದವಿಯಾಗಲಿ ಹಣವಾಗಲಿ ಉಡುಪಾಗಲಿ ಜಾತಿಯ ಕಲಂಕವನ್ನು ತೊಳೆಯಲಾರವೆಂಬ ಪಾಠವನ್ನು ಆ ಹುಡುಗನು ಕಲಿತುದು ಪುಸ್ತಕದಿಂದಲ್ಲ, ಮಸೂರದ ಆ ದಾರಿಯಿಂದ.

ಹುಡುಗನು ಪುಂಡನೂ ಹಟಮಾರಿಯೂ ಆಗಿದ್ದನೆಂಬುದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ತಂದೆಯು ಮತ್ತೊಂದು ಮದುವೆಯಾದಾಗ, ತಾಯಿಯ ಒಡವೆಗಳನ್ನು ಬೇರೊಬ್ಬಳು ಧರಿಸಿದುದನ್ನು ಕಂಡು ಅವನ ಮನಸ್ಸು ಕಹಿಯಾಯಿತು. ತಂದೆಯ ಅನ್ನವನ್ನು ಉಣ್ಣಬಾರದು, ಮುಂಬಯಿಗೆ ಹೋಗಿ ಗಿರಣಿಯಲ್ಲಿ ದುಡಿಯಬೇಕೆಂದು ನಿಶ್ಚಯಿಸಿದನು. ರೇಲ್ವೆಯ ಖರ್ಚಿಗಾಗಿ ಸೋದರತ್ತೆಯ ಹಣದ ಚೀಲವನ್ನು ಕದಿಯಲು ಹಲವು ರಾತ್ರಿ ಹೊಂಚು ಹಾಕಿದನು. ಕೊನೆಗೆ ಚೀಲ ಕೈಗೆ ಬಂದಾಗ ಅದರಲ್ಲಿ ಇದ್ದುದು ಅರ್ಧ ಆಣೆ ಮಾತ್ರ. ಆ ಅರ್ಧ ಆಣೆಯನ್ನು ನೋಡಿದಾಗ ಅವನಿಗಾದ ನಾಚಿಕೆಯು ಅವನ ಬಾಳಿನ ದಿಕ್ಕನ್ನು ತಿರುಗಿಸಿತು. ಪುಂಡಾಟವನ್ನು ಬಿಟ್ಟು, ಚೆನ್ನಾಗಿ ಓದಿ ಬೇಗನೆ ಸ್ವತಂತ್ರನಾಗಬೇಕೆಂದು ಅಂದೇ ಸಂಕಲ್ಪಿಸಿದನು.

ಕೆಲವು ಕಾಲದ ಮೇಲೆ ಕುಟುಂಬವು ಮುಂಬಯಿಗೆ ಬಂದು ಪರಳದ ಡಬಕ ಚಾಳಿನಲ್ಲಿ ನೆಲೆಸಿತು. ಗಿರಣಿ ಕೂಲಿಗಾರರ ನಡುವೆ ಒಂದೇ ಕೋಣೆ. ಅದರಲ್ಲಿಯೇ ಅಡಿಗೆ, ಊಟ, ನಿದ್ರೆ, ಅಭ್ಯಾಸ. ಆ ಇಕ್ಕಟ್ಟಿನಲ್ಲಿ ರಾಮಜಿಯವರು ಪಹರೆಯ ಪದ್ಧತಿಯನ್ನು ಜಾರಿಗೆ ತಂದರು. ಮಗನು ಸಂಜೆ ಬೇಗನೆ ಮಲಗಬೇಕು. ತಂದೆಯು ಎಚ್ಚತ್ತಿದ್ದು ರಾತ್ರಿ ಎರಡು ಗಂಟೆಗೆ ಅವನನ್ನು ಎಬ್ಬಿಸಿ, ಅವನು ತೆರವು ಮಾಡಿದ ಸ್ಥಳದಲ್ಲಿ ತಾನು ಮಲಗಬೇಕು. ಪಾಳಿ ಬದಲಾಗುವ ಪಹರೆಯವರಂತೆ ತಂದೆ ಮಕ್ಕಳು ಒಂದೇ ಜಾಗವನ್ನು ಹಂಚಿಕೊಂಡರು. ಮಗನು ಬೇಡಿದ ಪುಸ್ತಕಕ್ಕೆ ದುಡ್ಡಿಲ್ಲದಾಗ ಸುಬೇದಾರರು ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಅವರ ಒಡವೆಯನ್ನು ಬೇಡಿ ತಂದು ಮಾರವಾಡಿಯಲ್ಲಿ ಒತ್ತೆಯಿಟ್ಟು ಪುಸ್ತಕವನ್ನು ಕೊಳ್ಳುತ್ತಿದ್ದರು. ನಿವೃತ್ತಿವೇತನವು ಬಂದೊಡನೆ ಒಡವೆಯನ್ನು ಬಿಡಿಸಿ ಮಗಳಿಗೆ ಮುಟ್ಟಿಸುತ್ತಿದ್ದರು. ದಂಡಿನ ಸೇವೆಯ ಕೊನೆಯ ಫಲವಾದ ಆ ಅಲ್ಪ ವೇತನವು ಹೀಗೆ ಪುಸ್ತಕಗಳಾಗಿ ಪರಿಣಮಿಸಿತು.

ಎಲ್ಫಿನ್‌ಸ್ಟನ್ ಪ್ರೌಢಶಾಲೆಯು ಮುಂಬಯಿಯ ಪ್ರತಿಷ್ಠಿತ ಸರಕಾರಿ ಶಾಲೆ. ಅಲ್ಲಿಯೂ, ಭೀಮರಾವನು ಕರಿಹಲಗೆಯ ಮೇಲೆ ಲೆಕ್ಕ ಬಿಡಿಸಲು ಎದ್ದಾಗ, ಹಲಗೆಯ ಹಿಂದೆ ಇಟ್ಟಿದ್ದ ತಮ್ಮ ಬುತ್ತಿಗಳು ಮೈಲಿಗೆಯಾಗುವುವೆಂದು ಹುಡುಗರು ಓಡಿ ಅವನ್ನು ಎತ್ತಿಕೊಂಡರು. ಸಂಸ್ಕೃತವನ್ನು ಕಲಿಯುವ ಆಶೆಯಿದ್ದರೂ ಕಲಿಸುವವರು ಒಪ್ಪದ ಕಾರಣ ಫಾರಸಿಯನ್ನು ತೆಗೆದುಕೊಳ್ಳಬೇಕಾಯಿತು. ತಂದೆಯ ಮನೆಯಲ್ಲಿ ರಾಮಾಯಣ ಮಹಾಭಾರತಗಳನ್ನು ಕೇಳಿ ಬೆಳೆದ ಹುಡುಗನಿಗೆ ಅವುಗಳ ಮೂಲಭಾಷೆಯು ನಿಷೇಧಿಸಲ್ಪಟ್ಟಿತು. ಆದಾಗ್ಯೂ 1907ರಲ್ಲಿ ಅವನು ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದನು. ಆ ಸಮಾಜಕ್ಕೆ ಇದು ಅಪೂರ್ವ ಸಂಗತಿಯಾದುದರಿಂದ ಸೀತಾರಾಮ ಕೇಶವ ಬೋಲೆಯವರ ಅಧ್ಯಕ್ಷತೆಯಲ್ಲಿ ಅಭಿನಂದನ ಸಭೆಯೊಂದು ಜರುಗಿತು. ಕೃಷ್ಣರಾವ ಅರ್ಜುನ ಕೇಳುಸಕರರು ತಾವು ಮರಾಠಿಯಲ್ಲಿ ಬರೆದ ಬುದ್ಧಚರಿತ್ರೆಯನ್ನು ಆ ತರುಣನಿಗೆ ಉಡುಗೊರೆಯಾಗಿ ಕೊಟ್ಟರು. ಬಡೋದೆಯ ಸಯಾಜಿರಾವ ಮಹಾರಾಜರಿಂದ ತಿಂಗಳಿಗೆ 25 ರೂಪಾಯಿಗಳ ವಿದ್ಯಾರ್ಥಿವೇತನವು ದೊರೆತು ಕಾಲೇಜಿನ ಅಭ್ಯಾಸವು ಸಾಗಿತು.

ಪದವಿ ಪಡೆದ ಮೇಲೆ 1913ರ ಜನವರಿಯಲ್ಲಿ ಭೀಮರಾಯರು ಬಡೋದೆಯ ಸೇವೆಯನ್ನು ಸೇರಿದರು. ಅಲ್ಲಿ ಕೆಲವೇ ದಿನಗಳಾಗಿರಲು ತಂದೆಗೆ ಕಾಯಿಲೆ ವಿಷಮಿಸಿದೆಯೆಂಬ ತಂತಿ ಬಂದಿತು. ಮುಂಬಯಿಗೆ ಹೊರಟವರು ಸುರತ ಸ್ಟೇಶನ್ನಿನಲ್ಲಿ ತಂದೆಗಾಗಿ ಮಿಠಾಯಿ ಕೊಳ್ಳಲು ಇಳಿದಾಗ ಗಾಡಿಯು ಹೊರಟುಹೋಯಿತು. ಮರುದಿನ ಮನೆ ಮುಟ್ಟಿದಾಗ ಸುಬೇದಾರರು ಕೊನೆಯ ಉಸಿರನ್ನು ಹಿಡಿದುಕೊಂಡಿದ್ದರು. ಮಗನ ಬೆನ್ನಿನ ಮೇಲೆ ಕೈಯಾಡಿಸಿ ಪ್ರಾಣ ಬಿಟ್ಟರು. ಅದು 1913ರ ಫೆಬ್ರುವರಿ 2ನೆಯ ದಿನ. ಅದೇ ವರ್ಷ ಜುಲೈಯಲ್ಲಿ ಮಗನು ಬಡೋದೆಯ ವಿದ್ಯಾರ್ಥಿವೇತನದಿಂದ ಅಮೇರಿಕೆಯ ಕೊಲಂಬಿಯಾ ವಿದ್ಯಾಪೀಠವನ್ನು ಸೇರಿದನು. ಅದನ್ನು ನೋಡುವ ಭಾಗ್ಯವು ತಂದೆಗೆ ಲಭಿಸಲಿಲ್ಲ.

ನ್ಯೂಯಾರ್ಕ ಲಂಡನ್ನುಗಳಲ್ಲಿ ವ್ಯಾಸಂಗ ಮಾಡಿ ಬಂದ ಆ ಪಂಡಿತನನ್ನು ಬಡೋದೆಯ ಮಹಾರಾಜರು 1917ರಲ್ಲಿ ತಮ್ಮ ಸೈನಿಕ ಕಾರ್ಯದರ್ಶಿಯಾಗಿ ನೇಮಿಸಿದರು. ಮೂರು ತಲೆಮಾರುಗಳ ಸೈನಿಕ ವಂಶಕ್ಕೆ ಇದಕ್ಕಿಂತ ಸಾರ್ಥಕವಾದ ಹುದ್ದೆ ಯಾವುದಿದ್ದೀತು? ಆದರೆ ಕಚೇರಿಯ ಜವಾನರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು. ಊರಲ್ಲಿ ಮನೆ ಸಿಕ್ಕಲಿಲ್ಲ. ಪಾರಸಿಯ ಹೆಸರಿನಿಂದ ಪಾರಸಿಯವರ ವಸತಿಗೃಹದಲ್ಲಿ ಇಳಿದುಕೊಂಡಿದ್ದವರನ್ನು, ಗುಟ್ಟು ತಿಳಿದೊಡನೆ ಕೋಲು ಹಿಡಿದ ಗುಂಪೊಂದು ಬಂದು ಹೊರಡಿಸಿತು. ಅವರು ಒಂದು ಮರದ ಕೆಳಗೆ ಕುಳಿತು ಕಣ್ಣೀರು ಸುರಿಸಿದರು. ಮಸೂರದ ದಾರಿಗೂ ಬಡೋದೆಯ ಮರಕ್ಕೂ ನಡುವೆ ಹದಿನಾರು ವರ್ಷಗಳೂ ಎರಡು ಸಾಗರಗಳೂ ಕಳೆದಿದ್ದವು. ಜಾತಿಯು ಒಂದು ಅಂಗುಲವೂ ಕದಲಿರಲಿಲ್ಲ.

ಮುಂದಿನ ಸಾರ್ವಜನಿಕ ಜೀವಿತವು ವಾಚಕರಿಗೆ ತಿಳಿದದ್ದೇ ಇದೆ. ಆದರೂ ಬಾಲ್ಯದ ನೆನಪುಗಳು ಅದರಲ್ಲಿ ಹೇಗೆ ಹಾಸುಹೊಕ್ಕಾಗಿವೆಯೆಂಬುದನ್ನು ಗಮನಿಸಬೇಕು. 1907ರ ಅಭಿನಂದನ ಸಭೆಯ ಅಧ್ಯಕ್ಷರಾಗಿದ್ದ ಬೋಲೆಯವರೇ 1923ರಲ್ಲಿ, ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಠರಾವನ್ನು ಮುಂಬಯಿ ಶಾಸನಸಭೆಯಲ್ಲಿ ತಂದರು. ಆ ಠರಾವಿನ ಬಲದಿಂದ ಅಂಬೇಡಕರರು 1927ರ ಮಾರ್ಚ 20ರಂದು ಸಾವಿರಾರು ಜನರೊಡನೆ ಮಹಾಡದ ಚವದಾರ ಕೆರೆಗೆ ನಡೆದು ಆ ನೀರನ್ನು ಕುಡಿದರು. ಸಾತಾರೆಯ ನಲ್ಲಿಯನ್ನು ಮುಟ್ಟಲಾಗದ ಹುಡುಗನು, ಸುಂಕದ ಕಟ್ಟೆಯಲ್ಲಿ ನೀರು ದೊರೆಯದ ಹುಡುಗನು, ಅಂದು ಕೆರೆಗೆ ಇಳಿದನು. ಅದೇ ವರ್ಷ ಜನವರಿ 1ರಂದು ಅವರು ಕೋರೇಗಾವಿಯ ಸ್ತಂಭಕ್ಕೆ ಹೋಗಿ ಪೂರ್ವಜರಿಗೆ ಗೌರವ ಸಲ್ಲಿಸಿದ್ದರು. ಮಹಾಡದ ಚಳವಳಿಯ ಕಾಲದಲ್ಲಿ ಹುಟ್ಟಿದ ಸಮತಾ ಸೈನಿಕ ದಳದ ಹೆಸರಿನಲ್ಲಿಯೂ ಶಿಸ್ತಿನಲ್ಲಿಯೂ ಹಳೆಯ ಪಲ್ಟನ್ನಿನ ಛಾಯೆ ಸ್ಪಷ್ಟವಾಗಿದೆ.

ಇಲ್ಲಿ ರಾಷ್ಟ್ರಾಭಿಮಾನಿಗಳಿಗೆ ಒಂದು ಪ್ರಶ್ನೆಯು ಹೊಳೆಯದೆ ಇರದು. ಪರಕೀಯರ ಸೈನ್ಯದಲ್ಲಿ ಸೇವೆ ಮಾಡಿ ಸ್ವದೇಶದ ರಾಜರೊಡನೆ ಕಾದಿದವರ ಕಥೆಯನ್ನು ನಾವು ಅಭಿಮಾನದಿಂದ ಹೇಳಬಹುದೇ? ಈ ಪ್ರಶ್ನೆಯನ್ನು ಕೇಳುವ ಮೊದಲು, ಆ ಜನರಿಗೆ ಸ್ವದೇಶವು ತೆರೆದಿಟ್ಟಿದ್ದ ಬಾಗಿಲು ಯಾವುದೆಂಬುದನ್ನು ಹೇಳುವ ಹೊಣೆ ನಮ್ಮ ಮೇಲಿದೆ. ನಮ್ಮ ಶಾಲೆ ಅವರಿಗೆ ಮುಚ್ಚಿತ್ತು, ಗುಡಿ ಮುಚ್ಚಿತ್ತು, ಬಾವಿ ಮುಚ್ಚಿತ್ತು. ತೆರೆದಿದ್ದುದು ಪರಕೀಯರ ಪಲ್ಟನ್ನು ಒಂದೇ. ಆ ಪರಕೀಯರೂ ಧರ್ಮಬುದ್ಧಿಯಿಂದ ತೆರೆದವರಲ್ಲ. ತಮಗೆ ಸಿಪಾಯಿಗಳು ಬೇಕಾಗಿದ್ದಾಗ ತೆರೆದರು, ಬೇಡವಾದಾಗ ಮುಚ್ಚಿದರು. ಮೊದಲನೆಯ ಮಹಾಯುದ್ಧದ ಸಂಕಟದಲ್ಲಿ 1917ರಲ್ಲಿ ಮಹಾರರ ಪಲ್ಟನ್ನೊಂದನ್ನು ಕಟ್ಟಿ, ಯುದ್ಧ ಮುಗಿದ ಮೇಲೆ 1921ರಲ್ಲಿ ಅದನ್ನು ವಿಸರ್ಜಿಸಿದುದು ಇದಕ್ಕೆ ಸಾಕ್ಷಿ. ಒಂದು ಕಡೆ ಧರ್ಮದ ಹೆಸರಿನ ನಿಷೇಧ, ಇನ್ನೊಂದು ಕಡೆ ಪ್ರಯೋಜನದ ಮೇಲೆ ನಿಂತ ಕೃಪೆ. ಈ ಎರಡರ ನಡುವೆ ಸಿಕ್ಕಿದ ಜನರ ಮೇಲೆ ದೇಶದ್ರೋಹದ ಮಾತನ್ನು ಹೊರಿಸುವುದು ನ್ಯಾಯವಲ್ಲ.

ನಮ್ಮ ಕನ್ನಡನಾಡಿಗೂ ಈ ಚರಿತ್ರೆಗೂ ನಿಜವಾದ ಸಂಬಂಧವೊಂದಿದೆ. ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1925ರ ಏಪ್ರಿಲಿನಲ್ಲಿ, ನಿಪ್ಪಾಣಿಯಲ್ಲಿ ಕೂಡಿದ ಬಹಿಷ್ಕೃತರ ಪ್ರಾಂತೀಯ ಪರಿಷತ್ತಿಗೆ ಅಂಬೇಡಕರರು ಅಧ್ಯಕ್ಷರಾಗಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರ ಜುಲೈಯಲ್ಲಿ, ವೈಸರಾಯರ ರಕ್ಷಣಾ ಸಲಹಾ ಸಮಿತಿಗೆ ಅವರು ನೇಮಿಸಲ್ಪಟ್ಟರು. ಮಹಾರರಿಗೆ ಸೈನ್ಯದಲ್ಲಿ ಸ್ಥಾನವು ಪುನಃ ದೊರೆಯಬೇಕೆಂದು ಅವರು ಪಟ್ಟುಹಿಡಿದಿದ್ದರು. ಅದೇ ವರ್ಷ ಅಕ್ಟೋಬರದಲ್ಲಿ ಮಹಾರ ರೆಜಿಮೆಂಟಿನ ಮೊದಲನೆಯ ಪಲ್ಟನ್ನು ಬೆಳಗಾವಿಯಲ್ಲಿ ಕಟ್ಟಲ್ಪಟ್ಟಿತು. ಅದರ ಮೊದಲಿನ ಲಾಂಛನದಲ್ಲಿ ಕೋರೇಗಾವಿಯ ಸ್ತಂಭವೇ ಇದ್ದಿತು. ರಾಮಜಿಯವರು ರಾನಡೆಯವರ ಬಳಿಗೆ ಹೋಗಿ ಬರೆಯಿಸಲೆಣಿಸಿದ ಅರ್ಜಿಗೆ ಸುಮಾರು ಅರ್ಧ ಶತಮಾನದ ಮೇಲೆ ಮಗನ ಕಾಲದಲ್ಲಿ, ನಮ್ಮ ಬೆಳಗಾವಿಯ ಬಯಲಿನಲ್ಲಿ, ಉತ್ತರವು ದೊರೆತಂತಾಯಿತು.

ಆದರೆ ಅಂಬೇಡಕರರು ಅಲ್ಲಿಗೆ ತೃಪ್ತರಾಗಿ ನಿಲ್ಲಲಿಲ್ಲ, ನಿಲ್ಲುವಂತಿರಲಿಲ್ಲ. ಒಂದು ಹುಕುಮಿನಿಂದ ದೊರೆತುದು ಇನ್ನೊಂದು ಹುಕುಮಿನಿಂದ ಹೋಗುವುದೆಂಬುದನ್ನು ಅವರು ತಮ್ಮ ತೊಟ್ಟಿಲಿನ ಚರಿತ್ರೆಯಿಂದಲೇ ಬಲ್ಲವರಾಗಿದ್ದರು. ಆಳುವವರ ಕೃಪೆ, ಮೇಲಿನವರ ದಯೆ, ಒಳ್ಳೆಯ ಮಾಸ್ತರನೊಬ್ಬನ ಪ್ರೀತಿ, ಉದಾರಿಯಾದ ಮಹಾರಾಜನ ವೇತನ, ಇವೆಲ್ಲವುಗಳ ಸವಿಯನ್ನೂ ಉಂಡವರು ಅವರು; ಅವುಗಳಿಗೆ ಕೃತಜ್ಞರೂ ಆಗಿದ್ದರು. ಆದರೆ ದಯೆಯು ಹಕ್ಕಿನ ಸ್ಥಾನವನ್ನು ತುಂಬಲಾರದೆಂಬುದು ಅವರ ಸಿದ್ಧಾಂತವಾಯಿತು. 1947ರ ಆಗಸ್ಟ 29ರಂದು ಕರಡು ಸಮಿತಿಯು ನೇಮಕವಾದಾಗ ಅದರ ಅಧ್ಯಕ್ಷತೆಯು ಅವರ ಪಾಲಿಗೆ ಬಂದಿತು. 1949ರ ನವಂಬರ 26ರಂದು ಅಂಗೀಕೃತವಾಗಿ 1950ರ ಜನವರಿ 26ರಿಂದ ಜಾರಿಗೆ ಬಂದ ರಾಜ್ಯಾಂಗದ 16ನೆಯ ಅನುಚ್ಛೇದವು ಸರಕಾರಿ ಉದ್ಯೋಗದಲ್ಲಿ ಸಮಾನ ಅವಕಾಶವನ್ನೂ, 17ನೆಯದು ಅಸ್ಪೃಶ್ಯತೆಯ ನಿರ್ಮೂಲನವನ್ನೂ ವಿಧಿಸಿದವು. ಹದಿನಾಲ್ಕು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಒದಗಿಸಲು ರಾಜ್ಯವು ಯತ್ನಿಸಬೇಕೆಂದು 45ನೆಯ ಅನುಚ್ಛೇದವು ನಿರ್ದೇಶಿಸಿತು. 2002ರ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವರ್ಷಗಳ ಮಕ್ಕಳ ಶಿಕ್ಷಣವು ಮೂಲಭೂತ ಹಕ್ಕಾಯಿತು. ದಂಡಿನ ಬೀಡಿನೊಳಗಿನ ಮಕ್ಕಳಿಗೆ ಮಾತ್ರ ಒಂದು ಕಾಲಕ್ಕೆ ದೊರೆತಿದ್ದುದನ್ನು, ಬೀಡಿನ ಬೇಲಿಯಿಲ್ಲದೆ, ಸಿಪಾಯಿಯ ಸಾವಿನ ಬೆಲೆಯಿಲ್ಲದೆ, ಇಡೀ ದೇಶದ ಮಕ್ಕಳಿಗೆ ಕೊಡಬೇಕೆಂಬುದೇ ಇದರ ತಾತ್ಪರ್ಯ.

1956ರ ಅಕ್ಟೋಬರ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಅವರು ಬೌದ್ಧಧರ್ಮವನ್ನು ಸ್ವೀಕರಿಸಿದರು. ಅದೇ ವರ್ಷ ಡಿಸೆಂಬರ 6ರಂದು ದಿಲ್ಲಿಯಲ್ಲಿ ನಿಧನ ಹೊಂದಿದರು. ಅವರು ಹುಟ್ಟಿದ ಮಹೂ ಬೀಡಿಗೆ ಸರಕಾರವು ಅವರ ಹೆಸರನ್ನೇ ಇಟ್ಟಿದೆ. ಸಾತಾರೆಯ ಶಾಲೆಗೆ ಅವರು ಸೇರಿದ ನವಂಬರ 7ನೆಯ ದಿನವನ್ನು ಮಹಾರಾಷ್ಟ್ರ ಸರಕಾರವು ವಿದ್ಯಾರ್ಥಿ ದಿನವೆಂದು ಆಚರಿಸುತ್ತಿದೆ. ಹೆಸರಿಡುವುದೂ ಆಚರಿಸುವುದೂ ಯುಕ್ತವೇ. ಆದರೆ ಸುಬೇದಾರ ರಾಮಜಿಯವರಿಗೆ ಸಲ್ಲಬೇಕಾದ ಗೌರವವು ಬೇರೊಂದು ಬಗೆಯದು. ಶಾಲೆಯ ದಾಖಲೆಯ ಪುಸ್ತಕವನ್ನು ಕೈಯಲ್ಲಿ ಹಿಡಿದಿರುವ ಶಿಕ್ಷಕನೂ, ಹುದ್ದೆಯ ನೇಮಕದ ಕಾಗದಕ್ಕೆ ರುಜು ಹಾಕುವ ಅಧಿಕಾರಿಯೂ, ಊರಿನ ನೀರಿನ ವ್ಯವಸ್ಥೆಯನ್ನು ನೋಡುವ ಪುರಸಭೆಯ ಸದಸ್ಯನೂ ತನ್ನ ಎದುರಿಗೆ ಬಂದವನಿಗೆ ದಯೆಯನ್ನಲ್ಲ, ಅವನ ಹಕ್ಕನ್ನು ಸಲ್ಲಿಸುತ್ತಿದ್ದೇನೆಂಬ ಅರಿವಿನಿಂದ ತನ್ನ ಕರ್ತವ್ಯವನ್ನು ಮಾಡಿದರೆ, ರಾತ್ರಿ ಎರಡು ಗಂಟೆಯವರೆಗೆ ಎಚ್ಚತ್ತಿದ್ದ ಆ ಮುದಿ ಸೈನಿಕನ ಪಹರೆಯು ಸಾರ್ಥಕವಾಯಿತೆಂದು ಹೇಳಬಹುದು.